ಘಟ್ಟದ ಸ್ಕೂಟರಿಗೆ ಬೇಕಾದದ್ದು ಶ್ರುತಿ, ಸದ್ದಲ್ಲ

ಮಲೆನಾಡಿನ ಪೇಟೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಕಸುಬು ಬೇರೂರಿದೆ. ಗೇರಿಲ್ಲದ ಸ್ಕೂಟರನ್ನು ಗ್ಯಾರೇಜಿಗೆ ಒಯ್ದು, ಅದರ ಸೈಲೆನ್ಸರ್ ಕೊಯ್ಯಿಸಿ, ಸಿಲಿಂಡರ್ ದೊಡ್ಡದು ಮಾಡಿಸಿ, ಬೆಲ್ಟಿನ ಪೆಟ್ಟಿಗೆಯೊಳಗಿನ ರೋಲರು ಮತ್ತು ಸ್ಪ್ರಿಂಗುಗಳನ್ನು ಬದಲಾಯಿಸಿಕೊಂಡು ಬರುವುದು ನಮ್ಮ ಹುಡುಗರಲ್ಲಿ ಒಂದು ಹವ್ಯಾಸವಾಗಿ ಹಬ್ಬಿದೆ. ಅಡಿಕೆ ಕೊಯ್ಲಿನ ಹಣ ಕೈಗೆ ಬಂದ ತಿಂಗಳುಗಳಲ್ಲಂತೂ ಈ ಕೆಲಸಕ್ಕೆ ಗ್ಯಾರೇಜುಗಳಲ್ಲಿ ಸರದಿ ಕಾಯಬೇಕಾಗುತ್ತದೆ. ಗಣಿಗಾರಿಕೆ, ನದಿ ತಿರುವು, ಸೊಪ್ಪಿನಬೆಟ್ಟಗಳ ಅತಿಕ್ರಮಣ ಮುಂತಾದ ಗಂಭೀರ ಸಂಗತಿಗಳಿಗೆ ಮೀಸಲಾದ ಈ ಪುಟಗಳಲ್ಲಿ ಸ್ಕೂಟರಿನ ಪ್ರಸ್ತಾಪವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಗುಡ್ಡಗಳಲ್ಲಿ ಮನೆಮನೆಯಲ್ಲೂ ಇರುವ, ದಿನಕ್ಕೆ ಹಲವು ಬಾರಿ ಕಾಡಿನ ಅಂಚನ್ನು ಹಾದುಹೋಗುವ ಎಂಜಿನ್ ಎಂದರೆ ಇದೊಂದೇ. ಅದರ ಹೊಗೆ, ಸದ್ದು, ಎಣ್ಣೆ ಮತ್ತು ಖರ್ಚು ನಮ್ಮೆಲ್ಲರ ಲೆಕ್ಕಕ್ಕೆ ಸೇರುತ್ತವೆ.

ಈ ವಿಷಯದಲ್ಲಿ ಊರಿನೊಳಗೆ ಎರಡು ಅಭಿಪ್ರಾಯಗಳಿವೆ. ಇದೆಲ್ಲ ಪುಂಡಾಟಿಕೆ, ಪೊಲೀಸರಿಗೆ ಹಿಡಿದುಕೊಡಬೇಕು ಎಂಬುದು ಹಿರಿಯರ ಮಾತು. ಕಂಪನಿಯಿಂದ ಬಂದ ಗಾಡಿ ಬಯಲುಸೀಮೆಯ ರಸ್ತೆಗೆ ಮಾಡಿದ್ದು, ಎರಡು ಜನ ಮತ್ತು ಒಂದು ಮೂಟೆ ಕೂತರೆ ಏರು ಹತ್ತುವುದೇ ಇಲ್ಲ, ಬದಲಾಯಿಸದೆ ಗತಿಯಿಲ್ಲ ಎಂಬುದು ಹುಡುಗರ ಮಾತು. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಎಂಜಿನ್ನನ್ನು ಮತ್ತು ಅದರ ಚಾಲನಾ ವ್ಯವಸ್ಥೆಯನ್ನು ಭೂಮಿಗೂ ಹೊರೆಗೂ ಹೊಂದಿಸುವುದು ಒಂದು ವಿದ್ಯೆ. ಮಣ್ಣನ್ನು ಪರೀಕ್ಷಿಸಿ ಗೊಬ್ಬರ ಹಾಕುವಂಥ ವಿದ್ಯೆ. ಅದನ್ನು ನಾವು ಕಲಿಯಬೇಕು, ಮಕ್ಕಳಿಗೂ ಕಲಿಸಬೇಕು. ಆದರೆ ಇಂದು ಆ ಹೆಸರಿನಲ್ಲಿ ನಡೆಯುತ್ತಿರುವುದರಲ್ಲಿ ಹೊಂದಿಸುವಿಕೆ ಕಡಿಮೆ, ಸದ್ದು ಹೆಚ್ಚು. ಈ ಎರಡನ್ನೂ ಬೇರ್ಪಡಿಸಿ ನೋಡಬೇಕೆಂಬುದೇ ಈ ಲೇಖನದ ಆಶಯ.

ಸ್ಕೂಟರ್ ಅನಿವಾರ್ಯವಾದ ಬಗೆ

ಹುಡುಗರನ್ನು ದೂರುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಮಲೆನಾಡಿನ ಮನೆಗಳು ಊರಾಗಿ ಒತ್ತಟ್ಟಿಗೆ ಇಲ್ಲ. ತೋಟಕ್ಕೊಂದು, ಗದ್ದೆಯ ಕೋಗಿಗೊಂದು ಎಂಬಂತೆ ಚದುರಿಕೊಂಡಿವೆ. ಡೈರಿಗೆ ಹಾಲು, ಸೊಸೈಟಿಯಿಂದ ಅಕ್ಕಿ, ಪೇಟೆಯಿಂದ ಮೈಲುತುತ್ತ, ಆಸ್ಪತ್ರೆಗೆ ಮುದುಕರು, ಶಾಲೆಗೆ ಮಕ್ಕಳು, ಎಲ್ಲಕ್ಕೂ ನಾಲ್ಕಾರು ಕಿಲೋಮೀಟರಿನ ಏರಿಳಿತದ ದಾರಿ. ಹಿಂದೆ ಈ ದಾರಿಗಳಿಗೆ ಬಸ್ಸುಗಳಿದ್ದವು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರ ಸಾರಿಗೆ ಸಂಸ್ಥೆಯು ಮೂರು ದಶಕಗಳ ಸಮೀಪ ಹಳ್ಳಿಹಳ್ಳಿಗೂ ಬಸ್ಸು ಓಡಿಸಿತು. 2020ರಲ್ಲಿ ಅದು ನಿಂತಿತು. ಬಸ್ಸು ನಿಂತ ದಾರಿಯಲ್ಲಿ ಮರುದಿನ ಓಡಾಡಿದ್ದು ಸ್ಕೂಟರುಗಳೇ. 1984ರಲ್ಲಿ ಕೈನೆಟಿಕ್ ಹೋಂಡಾ ನಮ್ಮ ದೇಶಕ್ಕೆ ಪರಿಚಯಿಸಿದ ಗೇರಿಲ್ಲದ ಸ್ಕೂಟರು 2001ರಲ್ಲಿ ಆಕ್ಟಿವಾ ಬಂದ ಮೇಲೆ ಹಳ್ಳಿಗಳಿಗೂ ಹರಡಿತು. ಸೀರೆ ಉಟ್ಟ ಹೆಂಗಸರೂ ಓಡಿಸಬಲ್ಲ, ಕಾಲಿನ ಬಳಿ ಗೋಣಿಚೀಲ ಇಡಬಲ್ಲ ಗಾಡಿ ಅದು. ಹೀಗಾಗಿ ಘಟ್ಟದ ಸ್ಕೂಟರನ್ನು ಕುರಿತ ಚರ್ಚೆಯು ಶೋಕಿಯ ಚರ್ಚೆಯಾಗಿಯೇ ಮುಗಿಯಬಾರದು. ಅದು ಇಲ್ಲಿನ ಜನರ ಸಂಚಾರದ ಹಕ್ಕಿನ ಚರ್ಚೆಯೂ ಹೌದು.

ಏರಿಗೆ ಎಷ್ಟು ಶಕ್ತಿ ಬೇಕು?

‘ಶಕ್ತಿ ಸಾಲದು, ಆದ್ದರಿಂದ ಸಿಲಿಂಡರ್ ದೊಡ್ಡದು ಮಾಡಿಸಬೇಕು’ ಎಂಬ ವಾದವನ್ನು ಮೊದಲು ಪರಿಶೀಲಿಸೋಣ. ಗಾಡಿ, ಇಬ್ಬರು ಸವಾರರು ಮತ್ತು ಸ್ವಲ್ಪ ಹೊರೆ ಸೇರಿ 250 ಕಿಲೋ ತೂಕವೆಂದು ಇಟ್ಟುಕೊಳ್ಳಿ. ಹದಿನೈದು ಅಡಿಗೆ ಒಂದಡಿ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗಬೇಕು. ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ಲೆಕ್ಕ ಹಾಕಿದರೆ ಈ ತೂಕವನ್ನು ಮೇಲೆತ್ತಲು ಬೇಕಾದದ್ದು ಸುಮಾರು 1.4 ಕಿಲೋವ್ಯಾಟ್. ಚಕ್ರದ ಉರುಳಿನ ತಡೆ ಮತ್ತು ಗಾಳಿಯ ತಡೆ ಸೇರಿದರೂ ಎರಡು ಕಿಲೋವ್ಯಾಟ್ ದಾಟುವುದಿಲ್ಲ. ಬೆಲ್ಟಿನಲ್ಲಿ ಕಳೆದುಹೋಗುವ ಪಾಲನ್ನು ಕೂಡಿದರೆ ಎರಡೂವರೆಯ ಆಸುಪಾಸಿಗೆ ಬರುತ್ತದೆ. 110 ಸಿಸಿಯ ಸಾಮಾನ್ಯ ಸ್ಕೂಟರಿನ ಗರಿಷ್ಠ ಶಕ್ತಿ ಐದೂವರೆಯಿಂದ ಆರು ಕಿಲೋವ್ಯಾಟ್. ಎತ್ತರದ ತೆಳುಗಾಳಿಯಿಂದ ಹತ್ತರಲ್ಲಿ ಒಂದು ಪಾಲು ಕುಗ್ಗಿದರೂ ಬೇಕಾದದ್ದರ ಎರಡು ಪಟ್ಟು ಶಕ್ತಿ ಎಂಜಿನ್ನಿನಲ್ಲಿದೆ.

ಹಾಗಿದ್ದರೆ ಗಾಡಿ ಏದುಸಿರು ಬಿಡುವುದೇಕೆ? ಆ ಗರಿಷ್ಠ ಶಕ್ತಿ ದೊರೆಯುವುದು ನಿಮಿಷಕ್ಕೆ ಎಂಟು ಸಾವಿರ ಸುತ್ತುಗಳ ಸಮೀಪದಲ್ಲಿ. ಸುತ್ತು ಅರ್ಧಕ್ಕೆ ಇಳಿದರೆ ಶಕ್ತಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏರಿನಲ್ಲಿ ಎಂಜಿನ್ ತಕ್ಕ ಸುತ್ತಿನಲ್ಲಿ ತಿರುಗುವಂತೆ ನೋಡಿಕೊಳ್ಳಬೇಕಾದದ್ದು ಬೆಲ್ಟಿನ ವ್ಯವಸ್ಥೆ. ಅದು ಸವೆದಿದ್ದರೆ, ಅಥವಾ ಹೊರೆಗೆ ಹೊಂದದಿದ್ದರೆ, ಎಂಜಿನ್ನಿಗೆ ಎಷ್ಟು ಶಕ್ತಿ ಇದ್ದರೂ ಚಕ್ರವನ್ನು ತಲುಪುವುದಿಲ್ಲ. ನಮ್ಮಲ್ಲಿ ಬಹುಪಾಲು ಸ್ಕೂಟರುಗಳ ಕಾಯಿಲೆ ಇದು. ಬೇರು ಕೊಳೆತ ಅಡಿಕೆ ಮರಕ್ಕೆ ಯೂರಿಯಾ ಸುರಿದಂತೆ, ಈ ಕಾಯಿಲೆಗೆ ದೊಡ್ಡ ಪಿಸ್ಟನ್ನಿನ ಮದ್ದು ಕೊಡಲಾಗುತ್ತಿದೆ.

ಸಿಲಿಂಡರ್ ಹಿಗ್ಗಿಸುವುದರಿಂದ ಹಾನಿಯೂ ಇದೆ. ಸ್ಕೂಟರಿನ ಎಂಜಿನ್ ಮೈಮುಚ್ಚಿದ ಪೆಟ್ಟಿಗೆಯೊಳಗಿದ್ದು, ಒಂದು ಚಿಕ್ಕ ಫ್ಯಾನಿನ ಗಾಳಿಯಿಂದ ತಣಿಯುವಂಥದು. ಆ ಫ್ಯಾನಿನ ಸಾಮರ್ಥ್ಯ ಮೂಲ ಎಂಜಿನ್ನಿನ ಶಾಖಕ್ಕೆ ತಕ್ಕಷ್ಟೇ ಇರುತ್ತದೆ. ನಿಧಾನವಾಗಿ, ಪೂರ್ಣ ಹೊರೆಯಲ್ಲಿ ಹತ್ತುವಾಗ ಶಾಖ ಅತ್ಯಧಿಕ. ಅಂಥಲ್ಲಿ ಶಾಖವನ್ನು ಇನ್ನಷ್ಟು ಹೆಚ್ಚಿಸುವುದು, ಅಂದಕ್ಕಾಗಿ ಹೊದಿಕೆಯನ್ನು ಕಳಚುವುದು, ಪಿಸ್ಟನ್ ಹಿಡಿದುಕೊಳ್ಳಲು ಆಹ್ವಾನ ಕೊಟ್ಟಂತೆ. ಸಿಲಿಂಡರ್ ಹೆಡ್ಡನ್ನು ತೇಯಿಸಿ ಒತ್ತಡ ಹೆಚ್ಚಿಸುವವರೂ ಇದ್ದಾರೆ. ಸಾಮಾನ್ಯ ಪೆಟ್ರೋಲು ಆ ಒತ್ತಡವನ್ನು ಏರಿನಲ್ಲಿ ತಾಳದೆ ಅಕಾಲದಲ್ಲಿ ಸಿಡಿಯಬಹುದು. ಸವಾರನಿಗೆ ‘ಟಿಕ್ ಟಿಕ್’ ಎಂದು ಕೇಳುವ ಆ ಸದ್ದು ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಸುತ್ತಿಗೆಯ ಏಟು.

ಬೆಲ್ಟು, ರೋಲರು, ಸ್ಪ್ರಿಂಗು

ಎಡಬದಿಯ ಆ ಉದ್ದನೆಯ ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಎಂಜಿನ್ನಿನ ಕಡೆಗೊಂದು, ಹಿಂಚಕ್ರದ ಕಡೆಗೊಂದು, ಹೀಗೆ ಎರಡು ರಾಟೆಗಳು. ಪ್ರತಿಯೊಂದೂ ಎದುರುಬದುರಾದ ಎರಡು ತಟ್ಟೆಗಳಿಂದಾದದ್ದು. ನಡುವೆ ಒಂದು ರಬ್ಬರ್ ಬೆಲ್ಟು. ಮುಂದಿನ ರಾಟೆಯ ಬೆನ್ನಿಗೆ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಅವು ಹೊರಕ್ಕೆ ಸರಿದು ತಟ್ಟೆಗಳನ್ನು ಒತ್ತಿ ಹತ್ತಿರ ತರುತ್ತವೆ. ಬೆಲ್ಟು ಮುಂದಿನ ರಾಟೆಯಲ್ಲಿ ಅಂಚಿಗೆ ಏರುತ್ತದೆ, ಹಿಂದಿನದರಲ್ಲಿ ನಡುವಿಗೆ ಇಳಿಯುತ್ತದೆ. ಇದೇ ಗೇರು ಮೇಲಕ್ಕೆ ಬೀಳುವ ಕ್ರಿಯೆ. ಹಿಂದಿನ ರಾಟೆಯ ದೊಡ್ಡ ಸ್ಪ್ರಿಂಗು ಇದಕ್ಕೆ ಎದುರಾಗಿ ಒತ್ತುತ್ತಿರುತ್ತದೆ. ರೋಲರಿನ ಭಾರಕ್ಕೂ ಸ್ಪ್ರಿಂಗಿನ ಬಿಗಿಗೂ ನಡೆಯುವ ಜಗ್ಗಾಟದಲ್ಲಿ ಪ್ರತಿ ಕ್ಷಣದ ಗೇರು ನಿರ್ಣಯವಾಗುತ್ತದೆ.

ಇಲ್ಲಿಂದ ಹೊಂದಿಸುವಿಕೆಯ ತತ್ತ್ವವೂ ಹೊರಡುತ್ತದೆ. ರೋಲರು ಹಗುರವಾದರೆ ಅದು ಹೊರಸರಿಯಲು ಹೆಚ್ಚಿನ ಸುತ್ತು ಬೇಕು. ಆದ್ದರಿಂದ ಎಂಜಿನ್ ಕೆಳಗೇರಿನಲ್ಲಿ ಹೆಚ್ಚು ಹೊತ್ತು ನಿಂತು ಏರನ್ನು ಸಲೀಸಾಗಿ ಹತ್ತುತ್ತದೆ. ಆದರೆ ಸಮತಟ್ಟಿನಲ್ಲಿಯೂ ಅದೇ ಹೆಚ್ಚಿನ ಸುತ್ತಿನಲ್ಲಿ ತಿರುಗಿ ಪೆಟ್ರೋಲು ಕುಡಿಯುತ್ತದೆ. ರೋಲರು ಭಾರವಾದರೆ ಸಮತಟ್ಟಿನಲ್ಲಿ ಮಿತವ್ಯಯ, ಏರಿನಲ್ಲಿ ಕುಸಿತ. ಹಿಂದಿನ ಸ್ಪ್ರಿಂಗು ಬಿಗಿಯಾದರೆ ಹೊರೆ ಬಿದ್ದ ಕೂಡಲೇ ಗೇರು ಕೆಳಗೆ ಇಳಿಯುತ್ತದೆ. ಬೆಲ್ಟಿನ ಶಾಖ ಮತ್ತು ಸವೆತ ಹೆಚ್ಚುತ್ತವೆ. ಕ್ಲಚ್ಚಿನ ಚಿಕ್ಕ ಸ್ಪ್ರಿಂಗುಗಳು ಬಿಗಿಯಾದರೆ ಕ್ಲಚ್ಚು ಹೆಚ್ಚಿನ ಸುತ್ತಿನಲ್ಲಿ ಹಿಡಿಯುತ್ತದೆ. ಗಾಡಿ ಎಗರಿ ಹೊರಡುತ್ತದೆ, ಕ್ಲಚ್ ಶೂ ಬೇಗ ಸುಡುತ್ತದೆ. ಏನನ್ನಾದರೂ ಪಡೆದರೆ ಏನನ್ನಾದರೂ ಕೊಡಲೇಬೇಕು. ‘ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ’ ಎಂದು ಹೇಳಿ ಬಿಡಿಭಾಗ ಮಾರುವವರ ಮಾತನ್ನು ಈ ತತ್ತ್ವದ ಬೆಳಕಿನಲ್ಲಿ ತೂಗಬೇಕು.

ಬದಲಾವಣೆಗೂ ಮೊದಲು ಆಗಬೇಕಾದದ್ದು ತಪಾಸಣೆ. ರೋಲರುಗಳು ಸವೆದು ಚಪ್ಪಟೆಯಾದರೆ ಅವು ಉರುಳದೆ ಒಂದೆಡೆ ಸಿಕ್ಕಿಕೊಳ್ಳುತ್ತವೆ; ಗೇರು ಏರಿದ್ದು ಇಳಿಯದು, ಇಳಿದದ್ದು ಏರದು. ಬೆಲ್ಟಿನ ಅಗಲ ಸವೆದರೆ ಅದು ರಾಟೆಯಲ್ಲಿ ಮೊದಲಿನಷ್ಟು ಮೇಲೇರಲಾರದು. ಬೆಲ್ಟು ಎಷ್ಟು ಅಗಲಕ್ಕೆ ಇಳಿದರೆ ಬದಲಾಯಿಸಬೇಕೆಂದು ಕಂಪನಿಯ ಸರ್ವೀಸ್ ಕೈಪಿಡಿಯಲ್ಲಿ ಅಳತೆ ಇರುತ್ತದೆ. ಒಂದು ವರ್ನಿಯರ್ ಮಾಪಕ ಸಾಕು. ಪೆಟ್ಟಿಗೆಯೊಳಗೆ ಮಳೆನೀರು ಹೊಕ್ಕರೆ ಬೆಲ್ಟು ಜಾರುತ್ತದೆ; ಹಳ್ಳ ದಾಟಿದ ಗಾಡಿ ಏರಿನಲ್ಲಿ ನಿಂತುಬಿಡುವುದಕ್ಕೆ ಇದೂ ಕಾರಣ. ಚಪ್ಪಟೆಯಾದ ರೋಲರಿನ ಬದಲು ಅದೇ ತೂಕದ ಹೊಸ ರೋಲರು, ಸವೆದ ಬೆಲ್ಟಿನ ಬದಲು ಹೊಸ ಬೆಲ್ಟು, ಕೈಪಿಡಿಯಂತೆ ಟ್ಯಾಪೆಟ್ಟಿನ ಸಂದು, ಚಕ್ರಕ್ಕೆ ಸರಿಯಾದ ಗಾಳಿ: ಇಷ್ಟು ಮಾಡಿದ ಮೇಲೆ ‘ಗಾಡಿಗೆ ಶಕ್ತಿ ಸಾಲದು’ ಎನ್ನುವವರ ಸಂಖ್ಯೆ ಬಹಳಷ್ಟು ಇಳಿಯುವುದರಲ್ಲಿ ಸಂದೇಹವಿಲ್ಲ.

ಗಾಳಿ ಮತ್ತು ಇಂಧನ

ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಮುಳ್ಳಯ್ಯನಗಿರಿಯಂಥ 1,900 ಮೀಟರಿನ ಎತ್ತರದಲ್ಲಿ ಆರನೇ ಒಂದು ಪಾಲು ಕಡಿಮೆ. ಕಾರ್ಬೊರೇಟರ್ ಇರುವ ಹಳೆಯ ಸ್ಕೂಟರಿಗೆ ಇದರ ಅರಿವಾಗುವುದಿಲ್ಲ. ಗಾಳಿ ತೆಳುವಾದಷ್ಟು ಪೆಟ್ರೋಲು ತಾನಾಗಿ ಕಡಿಮೆಯಾಗದೆ, ಮಿಶ್ರಣ ದಟ್ಟವಾಗುತ್ತದೆ. ಮಂಗಳೂರಿನಲ್ಲಿ ಸರಿಮಾಡಿಸಿದ ಗಾಡಿ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಾಗ ಕಪ್ಪು ಹೊಗೆ ಉಗುಳುವುದು ಇದರಿಂದಲೇ. ಇದಕ್ಕೆ ಪರಿಹಾರ ಪೆಟ್ರೋಲಿನ ಜೆಟ್ಟನ್ನು ತುಸು ಚಿಕ್ಕದು ಮಾಡುವುದು. ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದು ಇದರ ವಿರುದ್ಧ: ಪಿಕಪ್ಪಿನ ಆಸೆಗೆ ಜೆಟ್ಟನ್ನು ದೊಡ್ಡದು ಮಾಡಲಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ನಿಜ ತಿಳಿಯುತ್ತದೆ. ಅದರ ತುದಿ ಒಣಗಿದ ಚಾಲಿ ಅಡಿಕೆಯ ತಿಳಿಗಂದಾಗಿದ್ದರೆ ಮಿಶ್ರಣ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ವ್ಯರ್ಥವಾಗುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಕಾಯುತ್ತಿದೆ.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ನಂತರದ ಸ್ಕೂಟರುಗಳಲ್ಲಿ ಬಹುತೇಕ ಇಂಧನವನ್ನು ಇಂಜೆಕ್ಟರು ಚಿಮ್ಮಿಸುತ್ತದೆ. ಸೈಲೆನ್ಸರಿನ ದಾರಿಯಲ್ಲಿರುವ ಆಮ್ಲಜನಕದ ಸಂವೇದಕವು ಮಿಶ್ರಣವನ್ನು ತಾನೇ ತಿದ್ದುತ್ತದೆ. ಎತ್ತರಕ್ಕೆ ತಕ್ಕಂತೆ ಹೊಂದಿಕೊಳ್ಳುವ ಈ ಅನುಕೂಲ ಗುಡ್ಡದವರಿಗೆ ವರವೇ ಸರಿ. ಸೈಲೆನ್ಸರನ್ನು ಕೊಯ್ದು, ಸಂವೇದಕವನ್ನು ವಂಚಿಸುವ ಪೆಟ್ಟಿಗೆಯೊಂದನ್ನು ಜೋಡಿಸಿದಾಗ ನಾವು ಆ ವರವನ್ನೇ ಹಣಕೊಟ್ಟು ಕಳೆದುಕೊಳ್ಳುತ್ತೇವೆ. ಅದರೊಂದಿಗೆ ಸೈಲೆನ್ಸರಿನೊಳಗಿನ ವೇಗವರ್ಧಕವೂ ಹೋಗುತ್ತದೆ. ಇಂಗಾಲದ ಮಾನಾಕ್ಸೈಡನ್ನೂ ಸುಡದ ಪೆಟ್ರೋಲಿನ ಆವಿಯನ್ನೂ ಅಪಾಯ ಕಡಿಮೆಯ ಅನಿಲಗಳಾಗಿ ಮಾರ್ಪಡಿಸುವ ಜೇನುಗೂಡಿನಂಥ ಆ ಭಾಗವನ್ನು ಗುಜರಿಗೆ ಹಾಕಿದ ಮೇಲೆ, ಆ ಗಾಡಿಯ ಹೊಗೆ ಇಪ್ಪತ್ತು ವರ್ಷಗಳ ಹಿಂದಿನ ಹೊಗೆಯಾಗುತ್ತದೆ.

ಇಂಧನದ ಬದಲಾವಣೆಯನ್ನೂ ಗಮನಿಸಬೇಕು. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬರುವ ಈ ಇಂಧನದ ಕೃಷಿನೀತಿಯ ಚರ್ಚೆ ಬೇರೆಯೇ ಲೇಖನವನ್ನು ಬೇಡುತ್ತದೆ. ಸವಾರನಿಗೆ ಸಂಬಂಧಿಸಿದ ಸಂಗತಿಗಳು ಮೂರು. ಒಂದು ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಅದರಲ್ಲಿ ಆಮ್ಲಜನಕ ಇರುವುದರಿಂದ ಕಾರ್ಬೊರೇಟರಿನ ಹಳೆಯ ಎಂಜಿನ್ನಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಅದು ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲು ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಆಗುಂಬೆ, ಹುಲಿಕಲ್ಲಿನಂಥ ಜಡಿಮಳೆಯ ಸೀಮೆಯಲ್ಲಿ ಆಷಾಢದುದ್ದಕ್ಕೂ ಗಾಡಿಯನ್ನು ಅರ್ಧ ಖಾಲಿ ಟ್ಯಾಂಕಿನೊಡನೆ ನಿಲ್ಲಿಸಿಡಬಾರದೆಂಬ ಎಚ್ಚರ ಇದರಿಂದ ಹೊರಡುತ್ತದೆ. ಹಳೆಯ ಗಾಡಿಗೆ ಎತ್ತರವು ಮಿಶ್ರಣವನ್ನು ದಟ್ಟವಾಗಿಸಿದರೆ ಎಥನಾಲು ತೆಳುವಾಗಿಸುತ್ತದೆ. ಯಾವುದು ಮೇಲುಗೈಯೆಂದು ಊಹಿಸಿ ಜೆಟ್ಟು ಬದಲಾಯಿಸದೆ, ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸಬೇಕು.

ಗಾಳಿ ಸೋಸುವ ಫಿಲ್ಟರನ್ನು ಕಿತ್ತೆಸೆಯುವುದು ಇನ್ನೊಂದು ಅಪಚಾರ. ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆಯ ದಾರಿಗಳ ಕೆಂಧೂಳು ಸಿಲಿಂಡರಿನೊಳಗೆ ಹೊಕ್ಕರೆ ಅದು ಉಪ್ಪುಕಾಗದದಂತೆ ಪಿಸ್ಟನ್ ಉಂಗುರಗಳನ್ನು ತೇಯುತ್ತದೆ. ಆಮೇಲೆ ಬರುವ ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವ ಹೊಗೆ.

ಇಳಿಜಾರಿನ ಲೆಕ್ಕ

ಏರಿನ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವ ನಮ್ಮ ಯುವಕರು ಇಳಿಜಾರನ್ನು ಮರೆಯುತ್ತಾರೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ತಿರುವುಗಳಲ್ಲಿ ಜೀವ ಉಳಿಸುವುದು ಹತ್ತುವ ಶಕ್ತಿಯಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ ತಡೆ ಇಲ್ಲವೆಂದು ಹಲವರು ತಿಳಿದಿದ್ದಾರೆ. ಇದೆ, ಆದರೆ ಕ್ಲಚ್ಚು ಹಿಡಿದಿರುವಷ್ಟು ಹೊತ್ತು ಮಾತ್ರ. ಆಕ್ಸಿಲರೇಟರ್ ಬಿಟ್ಟಾಗ ಹಿಂಚಕ್ರವೇ ಬೆಲ್ಟಿನ ಮೂಲಕ ಎಂಜಿನ್ನನ್ನು ತಿರುಗಿಸಿ ವೇಗವನ್ನು ಹಿಡಿಯುತ್ತದೆ. ವೇಗ ಒಂದು ಮಟ್ಟಕ್ಕಿಂತ ಇಳಿದರೆ ಕ್ಲಚ್ಚು ಬಿಡುತ್ತದೆ. ಆಗ ಗಾಡಿ ಉರುಳುವ ಬಂಡೆ, ಹೊಣೆಯೆಲ್ಲ ಬ್ರೇಕಿನದು. ಕ್ಲಚ್ಚಿಗೆ ಬಿಗಿ ಸ್ಪ್ರಿಂಗು ಹಾಕಿಸಿದವರ ಗಾಡಿಯಲ್ಲಿ ಈ ಬಿಡುವಿಕೆ ಇನ್ನೂ ಹೆಚ್ಚಿನ ವೇಗದಲ್ಲೇ ಆಗುತ್ತದೆ. ಅಂದರೆ ಏರಿನಲ್ಲಿ ಒಂದು ಕ್ಷಣ ಎಗರುವ ಸುಖಕ್ಕಾಗಿ ಇಳಿಜಾರಿನ ಆಸರೆಯನ್ನು ಮಾರಿಕೊಂಡಂತೆ.

ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಉರುಳಿಸುವ ರೂಢಿಯೂ ನಮ್ಮಲ್ಲಿದೆ. ಇದರಲ್ಲಿ ಎಂಜಿನ್ ತಡೆ ಸಂಪೂರ್ಣ ಇಲ್ಲವಾಗುತ್ತದೆ. ಮೈಲುಗಟ್ಟಲೆ ಒತ್ತಿಹಿಡಿದ ಡ್ರಮ್ ಬ್ರೇಕು ಕಾದು, ಕೊನೆಯ ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. 125 ಸಿಸಿಯವರೆಗಿನ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎರಡೂ ಬ್ರೇಕು ಒಟ್ಟಿಗೆ ಕೆಲಸ ಮಾಡುವ ವ್ಯವಸ್ಥೆ ಕಡ್ಡಾಯವಾಗಿದೆ. ಅದೂ ಕಾದ ಡ್ರಮ್ಮನ್ನು ತಣಿಸಲಾರದು. ಘಟ್ಟದ ಮೆಕ್ಯಾನಿಕ್ಕನೊಬ್ಬ ಹತ್ತುವ ಶಕ್ತಿಗೆ ಕೈಹಾಕುವ ಮುನ್ನ ಬ್ರೇಕನ್ನು ಬಿಚ್ಚಿ ನೋಡಬೇಕೆಂಬುದು ಈ ಕಸುಬಿನ ಮೊದಲ ನೀತಿಯಾಗಬೇಕು.

ಸದ್ದಿನ ಬೆಲೆ

ಇನ್ನು ಸದ್ದಿನ ಮಾತು. 80ರಿಂದ 175 ಸಿಸಿವರೆಗಿನ ದ್ವಿಚಕ್ರ ವಾಹನಗಳು ನಿಗದಿತ ಪರೀಕ್ಷೆಯಲ್ಲಿ 77 ಡೆಸಿಬೆಲ್ ಮೀರಬಾರದೆಂಬ ಮಿತಿ 2005ರಿಂದ ಇದೆ. ಡೆಸಿಬೆಲ್ಲಿನ ಲೆಕ್ಕ ನಮ್ಮ ಸಾಮಾನ್ಯ ಕೂಡುವ ಲೆಕ್ಕವಲ್ಲ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟಾಗುತ್ತದೆ. ಒಂದು ಕೊಯ್ದ ಸೈಲೆನ್ಸರು ಸದ್ದನ್ನು ಹತ್ತು ಡೆಸಿಬೆಲ್ ಏರಿಸಿದರೆ, ಆ ಒಂದು ಗಾಡಿ ಹತ್ತು ಗಾಡಿಗಳಿಗೆ ಸಮ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿಯನ್ನು 45 ಡೆಸಿಬೆಲ್ ಎಂದು ಇಟ್ಟಿವೆ. ಕಣಿವೆಯ ಎರಡೂ ಬದಿಗೆ ಮಾರ್ದನಿಗೊಡುವ ನಮ್ಮ ಊರುಗಳಲ್ಲಿ ಒಬ್ಬನ ಉತ್ಸಾಹ ಮೂರು ಗ್ರಾಮಗಳ ನಿದ್ದೆಯನ್ನು ಕೆಡಿಸುತ್ತದೆ.

ನಿದ್ದೆ ಕೆಡುವುದು ಮನುಷ್ಯರದು ಮಾತ್ರವಲ್ಲ. ಮುಂಗಾರಿನ ಮೊದಲ ವಾರಗಳಲ್ಲಿ ಗದ್ದೆ, ಹಳ್ಳ, ಹಾಡಿಗಳೆಲ್ಲ ಕಪ್ಪೆಗಳ ಕೂಗಿನಿಂದ ತುಂಬುತ್ತವೆ. ಆ ಕೂಗು ಗಂಡು ಹೆಣ್ಣನ್ನು ಕರೆಯುವ ಕೂಗು. ಕೇಳಿಸದಿದ್ದರೆ ಆ ವರ್ಷದ ಸಂತಾನಕ್ಕೆ ಕುತ್ತು. ಪಶ್ಚಿಮಘಟ್ಟದ ಝರಿಗಳಲ್ಲಿ ವಾಸಿಸುವ ಕುಣಿಯುವ ಕಪ್ಪೆಗಳು ನೀರಿನ ಭೋರ್ಗರೆತದ ನಡುವೆ ಹಿಂಗಾಲು ಚಾಚಿ ಬೀಸಿ ಸಂಜ್ಞೆ ಮಾಡುತ್ತವೆ. ಈ ಗುಂಪಿನ 14 ಹೊಸ ಪ್ರಭೇದಗಳನ್ನು ವಿಜ್ಞಾನಿಗಳು 2014ರಲ್ಲಿ ವರ್ಣಿಸಿದರು. ಯುಗಯುಗಗಳಿಂದ ಇರುವ ನೀರಿನ ಸದ್ದಿಗೆ ಹೊಂದಿಕೊಳ್ಳಲು ಅವಕ್ಕೆ ಕಾಲಾವಕಾಶವಿತ್ತು. ನಿನ್ನೆ ಮೊನ್ನೆ ಬಂದ ಸೈಲೆನ್ಸರಿನ ಅಬ್ಬರಕ್ಕೆ ಹೊಂದಿಕೊಳ್ಳಲು ಉಳಿದ ಕಪ್ಪೆಗಳಿಗೂ ಹಕ್ಕಿಗಳಿಗೂ ಆ ಅವಕಾಶವಿಲ್ಲ. ಕಾಡುಕೋಣ, ಆನೆಗಳು ರಸ್ತೆಗಿಳಿಯುವ ದಾರಿಗಳಲ್ಲಿ ಹಠಾತ್ತನೆ ಸಿಡಿಯುವ ಸದ್ದು ಸವಾರನಿಗೇ ಅಪಾಯ.

ಗದ್ದಲ ಮಾಡುವ ಪ್ರವಾಸಿಗರ ದೊಡ್ಡ ಬೈಕು, ಜೀಪುಗಳನ್ನು ಮೊದಲು ತಡೆಯಿರಿ, ಆಮೇಲೆ ನಮ್ಮ ಸ್ಕೂಟರಿನ ಮಾತು ಎಂದು ಯುವಮಿತ್ರರು ಹೇಳುವುದುಂಟು. ಅದರಲ್ಲಿ ನ್ಯಾಯವಿದೆ. ವಾರಾಂತ್ಯದಲ್ಲಿ ಗಿರಿಗಳಿಗೆ ನುಗ್ಗುವ ವಾಹನಗಳ ಹಾವಳಿ ನಮ್ಮ ಗಾಡಿಗಳಿಗಿಂತ ಹಿರಿದು. ಆದರೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದರ ಹಿಂದೆ ನ್ಯಾಯಾಲಯದ ಆದೇಶದ ಜೊತೆಗೆ ಈ ಕಾಡು ನಮ್ಮದೆಂದು ಜನ ಒತ್ತಿಹೇಳಿದ ಬಲವೂ ಇತ್ತು. ಹೊರಗಿನವರಿಗೆ ‘ಇಲ್ಲಿ ಸದ್ದು ಮಾಡಬೇಡಿ’ ಎನ್ನುವ ನೈತಿಕ ಹಕ್ಕು ನಮಗೆ ದಕ್ಕುವುದು ನಮ್ಮ ಸೈಲೆನ್ಸರು ಸರಿಯಿದ್ದಾಗ.

ಕಾನೂನು ಮತ್ತು ನ್ಯಾಯ

ಮೋಟಾರು ವಾಹನ ಕಾಯಿದೆಯ 52ನೇ ವಿಧಿಯು ನೋಂದಣಿಯಲ್ಲಿ ನಮೂದಾದ ಮೂಲ ಲಕ್ಷಣಗಳನ್ನು ಬದಲಾಯಿಸುವುದನ್ನು ತಡೆಯುತ್ತದೆ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದರೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ; ಜೊತೆಗೆ ಮೂರು ತಿಂಗಳು ಲೈಸೆನ್ಸಿನ ಅನರ್ಹತೆ. ಇದು ಕೂಲಿಯ ಮನೆಯ ಹುಡುಗನಿಗೆ ಸಣ್ಣ ಮೊತ್ತವಲ್ಲ.

ಆದರೆ ಕಾನೂನು ನಿಷೇಧಿಸುವುದರಲ್ಲಿಯೇ ತೃಪ್ತಿಪಟ್ಟುಕೊಂಡರೆ ಗುಡ್ಡದ ಜನರ ನಿಜವಾದ ಅಗತ್ಯ ಕತ್ತಲಲ್ಲೇ ಉಳಿಯುತ್ತದೆ. ಅಂಗವಿಕಲರ ಅನುಕೂಲಕ್ಕಾಗಿ ಪಕ್ಕದ ಚಕ್ರ ಜೋಡಿಸಿದ ಸ್ಕೂಟರುಗಳಿಗೆ ಇದೇ ಕಾಯಿದೆ ಅವಕಾಶ ಕೊಟ್ಟಿದೆ. ಅಗತ್ಯ ಸಾಬೀತಾದರೆ ಮಾರ್ಪಾಡಿಗೆ ದಾರಿ ತೆರೆಯಬಲ್ಲದೆಂಬುದಕ್ಕೆ ಇದೇ ಸಾಕ್ಷಿ. ಏರುದಾರಿಗೆ ತಕ್ಕ ರೋಲರು, ಸ್ಪ್ರಿಂಗು ಮತ್ತು ಕೊನೆಯ ಗೇರಿನ ಅನುಪಾತವನ್ನು ತಯಾರಕರೇ ಪರೀಕ್ಷಿಸಿ, ಅನುಮೋದನೆ ಪಡೆದು, ಗುಡ್ಡಗಾಡಿನ ಗ್ರಾಹಕರಿಗೆ ಒದಗಿಸಬೇಕೆಂದು ನಾವು ಒತ್ತಾಯಿಸಬೇಕು. ಟ್ರ್ಯಾಕ್ಟರು ಕೊಳ್ಳುವಾಗ ಕೆಸರುಗದ್ದೆಯ ಚಕ್ರ ಬೇಕೆ, ಒಣಭೂಮಿಯದು ಬೇಕೆ ಎಂದು ಕೇಳುತ್ತಾರೆ. ಸ್ಕೂಟರು ಕೊಳ್ಳುವಾಗ ನಿಮ್ಮ ಊರಿನ ರಸ್ತೆ ಏರಿನದೋ ಸಮತಟ್ಟಿನದೋ ಎಂದು ಯಾವ ಅಂಗಡಿಯಲ್ಲಿ ಕೇಳುತ್ತಾರೆ? ಈ ಪ್ರಶ್ನೆಯನ್ನು ಗ್ರಾಮಸಭೆಗಳ ನಿರ್ಣಯದ ಮೂಲಕ, ಸಾರಿಗೆ ಇಲಾಖೆಯ ಮೂಲಕ ಎತ್ತಬಹುದು. ನಿಂತುಹೋದ ಬಸ್ಸುಗಳ ಬೇಡಿಕೆಯನ್ನೂ ಇದರ ಜೊತೆಗೇ ಇಡಬೇಕು. ಬಸ್ಸು ಬಂದರೆ ಎಷ್ಟೋ ಸ್ಕೂಟರುಗಳ ಹೊರೆ ತಾನಾಗಿ ಇಳಿಯುತ್ತದೆ.

ನಾವು ಮಾಡಬಹುದಾದದ್ದು

ನಮ್ಮ ಹುಡುಗರ ಕೈಯಲ್ಲಿ ಕೌಶಲವಿದೆ. ಅದಕ್ಕೆ ಗುರಿ ಬೇಕು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಒಂದು ಸಣ್ಣ ಪೆಟ್ರೋಲ್ ಎಂಜಿನ್ನನ್ನು ಹೊಂದಿಸಿ ಅಡಿಕೆ ಮರವೇರುವ ಯಂತ್ರವನ್ನು ರೂಪಿಸಿದ್ದು 2019ರಲ್ಲಿ ನಾಡಿಗೆಲ್ಲ ಸುದ್ದಿಯಾಯಿತು. ಎಂಜಿನ್ನಿನ ಶಕ್ತಿ, ಚಕ್ರದ ಹಿಡಿತ, ಇಳಿಯುವಾಗಿನ ಬ್ರೇಕು ಇವೆಲ್ಲವನ್ನೂ ಒಂದು ಅಗತ್ಯಕ್ಕೆ ಹೊಂದಿಸಿದ ಕೆಲಸವದು. ಕೊನೆಗಾರರು ಸಿಗದೆ ಕಂಗೆಟ್ಟ ತೋಟಗಾರನ ಕಷ್ಟದಿಂದ ಹುಟ್ಟಿದ ಹೊಂದಿಸುವಿಕೆ. ಅಂಥ ಕಷ್ಟಗಳು ನಮ್ಮ ಊರುಗಳಲ್ಲಿ ಇನ್ನೂ ಬೇಕಾದಷ್ಟಿವೆ.

ವಿದ್ಯಾರ್ಥಿಗಳಿಗೆ ಒಂದು ಸಲಹೆ. ಕೃಷಿಯಲ್ಲಿ ಹೊಸ ತಳಿ ಅಥವಾ ಗೊಬ್ಬರವನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಹಳೆಯ ಪದ್ಧತಿಯ ತಾಕೊಂದನ್ನು ಬಿಡುತ್ತೇವೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸುತ್ತೇವೆ. ಫಲವನ್ನು ತೂಗಿ ಬರೆಯುತ್ತೇವೆ. ಸ್ಕೂಟರಿಗೂ ಅದೇ ಕ್ರಮ. ಒಂದೇ ದಾರಿ, ಒಂದೇ ಹೊರೆ, ಒಬ್ಬನೇ ಸವಾರ. ಟ್ಯಾಂಕು ತುಂಬಿಸಿ, ನೂರು ಕಿಲೋಮೀಟರ್ ಓಡಿಸಿ, ಮತ್ತೆ ತುಂಬಿಸಿ ಅಳೆಯಿರಿ. ಒಂದು ಏರನ್ನು ಗುರುತಿಸಿ ಹತ್ತಲು ಹಿಡಿದ ಸಮಯವನ್ನು ಬರೆಯಿರಿ. ಮೊದಲು ಸವೆದ ಭಾಗಗಳನ್ನು ಮೂಲ ಅಳತೆಗೇ ತಂದು, ಅದರ ಫಲಿತಾಂಶ ನೋಡಿ. ರೋಲರು, ಜೆಟ್ಟು, ಸ್ಪ್ರಿಂಗು ಮೂರನ್ನೂ ಒಂದೇ ದಿನ ಬದಲಾಯಿಸಿದವನಿಗೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯುವುದಿಲ್ಲ. ಕಾಲೇಜಿನ ವಿಜ್ಞಾನ ಸಂಘಗಳು ಇಂಥ ಪರೀಕ್ಷೆಯನ್ನು ಕೈಗೆತ್ತಿಕೊಂಡು ಫಲಿತಾಂಶವನ್ನು ಈ ಪತ್ರಿಕೆಗೆ ಕಳಿಸಲಿ.

ಗ್ಯಾರೇಜುಗಳವರಲ್ಲಿಯೂ ಒಂದು ವಿನಂತಿ. ಹಳೆಯ ಎಂಜಿನ್ ಆಯಿಲನ್ನು ಹಳ್ಳದ ಬದಿಗೆ ಸುರಿಯಬೇಡಿ. ಒಂದು ಸ್ಕೂಟರಿನಿಂದ ಇಳಿಯುವುದು ಲೀಟರಿಗಿಂತ ಕಡಿಮೆ; ಆದರೆ ಮಳೆಗಾಲದ ಮೊದಲ ನೆರೆಯೊಡನೆ ಅದು ತುಂಗೆಗೋ ಭದ್ರೆಗೋ ಸೇರುತ್ತದೆ, ಕೆಳಗಿನವರು ಅದೇ ನೀರನ್ನು ಕುಡಿಯುತ್ತಾರೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡ್ರಮ್ಮಿನಲ್ಲಿ ಕೂಡಿಟ್ಟು ಅಧಿಕೃತ ಸಂಸ್ಕರಣೆಗಾರರಿಗೆ ಕೊಡಬೇಕು. ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಅದನ್ನು ಬಳಿಯುವ ರೈತರೂ ಬಾವಿ ಮತ್ತು ಅಬ್ಬಿನೀರಿನ ದಾರಿಯಿಂದ ದೂರವಿಡಬೇಕು.

ವಿದ್ಯುತ್ ಸ್ಕೂಟರುಗಳು ಈ ಹೊಗೆ ಮತ್ತು ಸದ್ದನ್ನು ಬಹುಮಟ್ಟಿಗೆ ಕಳೆಯಬಲ್ಲವು; ಅವುಗಳಲ್ಲಿ ಹಲವು ಇಳಿಜಾರಿನಲ್ಲಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತವೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಊರುಗಳಿಗೆ ಅವು ಪೂರ್ಣವಾಗಿ ಒಗ್ಗುವವರೆಗೂ ಪೆಟ್ರೋಲಿನ ಸ್ಕೂಟರು ನಮ್ಮೊಡನೆ ಇರುತ್ತದೆ. ಇರುವಷ್ಟು ದಿನ ಅದನ್ನು ವಿವೇಕದಿಂದ ಇಟ್ಟುಕೊಳ್ಳಬೇಕು.

ಸಂಗೀತಗಾರರು ತಂಬೂರಿಯ ತಂತಿಯನ್ನು ಬಿಗಿಮಾಡುವುದು ಜೋರಾಗಿ ಕೇಳಲೆಂದಲ್ಲ; ಒಂದು ತಂತಿ ಇನ್ನೊಂದಕ್ಕೆ, ಎಲ್ಲವೂ ಹಾಡುವವರ ದನಿಗೆ ಸೇರಲೆಂದು. ಅದಕ್ಕೆ ನಮ್ಮಲ್ಲಿ ಶ್ರುತಿಮಾಡುವುದು ಎನ್ನುತ್ತಾರೆ. ಎಂಜಿನ್ನು ಬೆಲ್ಟಿಗೆ, ಬೆಲ್ಟು ಏರಿಗೆ, ಗಾಡಿ ಬ್ರೇಕಿಗೆ, ಸದ್ದು ಕಣಿವೆಗೆ ಹೊಂದಿದಾಗ ಆ ಸ್ಕೂಟರು ಶ್ರುತಿಗೊಂಡಿದೆ ಎನ್ನಬಹುದು. ಅಂಥ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ಕನು ಪ್ರತಿ ಪೇಟೆಯಲ್ಲಿಯೂ ಇರಲಿ, ಅಂಥ ಗಾಡಿಯನ್ನು ಓಡಿಸುವುದೇ ಹೆಮ್ಮೆಯೆಂದು ನಮ್ಮ ಹುಡುಗ ಹುಡುಗಿಯರು ತಿಳಿಯಲಿ. ಈ ಮಳೆಗಾಲಕ್ಕೆ ಮುನ್ನ ನಿಮ್ಮ ಊರಿನ ಯುವಕ ಸಂಘದಲ್ಲಿ ಒಂದು ದಿನ ಎಲ್ಲರ ಸ್ಕೂಟರುಗಳ ಬ್ರೇಕು, ಬೆಲ್ಟು, ಸೈಲೆನ್ಸರುಗಳನ್ನು ಕೂಡಿ ಪರೀಕ್ಷಿಸುವ ಕಾರ್ಯಕ್ರಮವನ್ನು ಇಟ್ಟುಕೊಳ್ಳಿ.